ಹತ್ತು ಹೋಗಿ ಹನ್ನೊಂದು ಬರುವ ಮುಂಚೆ

ಸಾಗರದ ಹತ್ತಿರ ಇರುವ ನಮ್ಮ ಸೋದರಮಾವನ ಮನೆಯಲ್ಲಿ ಆಯುಧಪೂಜೆಗೆ ಕತ್ತಿ, ಗುದ್ದಲಿ, ಮೆಟ್ಟುಗತ್ತಿ, ಸ್ಕೂಟರುಗಳ ಸಾಲಿನಲ್ಲೇ ಕಂಪ್ಯೂಟರೂ ಕೂರುತ್ತದೆ. ಮಾನಿಟರಿಗೆ ಸೇವಂತಿಗೆ ಸರ, ಸಿಪಿಯು ಡಬ್ಬದ ನೆತ್ತಿಗೆ ಗಂಧ ಕುಂಕುಮ. ಕೀಬೋರ್ಡಿನ ಮೇಲೆ ಎರಡೇ ಎರಡು ಕಾಳು ಅಕ್ಷತೆ, ಹೆಚ್ಚು ಹಾಕಿದರೆ ಗುಂಡಿಗಳ ಸಂದಿಗೆ ಇಳಿಯುತ್ತದೆ ಎಂದು ಮಾವನ ಕಟ್ಟಪ್ಪಣೆ. ಪೂಜೆಯಾದ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು. ಮರುದಿನ ವಿಜಯದಶಮಿಯ ಬೆಳಿಗ್ಗೆ ಕಾಫಿ ಮುಗಿಸಿ, ಹೂವು ತೆಗೆದು, ಮಾವ ಗುಂಡಿ ಒತ್ತಿದರು. ಪರದೆಯ ತುಂಬ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ ಬಂತು. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬುದು ಅದರ ಸಾರಾಂಶ.

"ಏನೋ ಇದು? ಹದಿನಾಲ್ಕನೇ ತಾರೀಕಿಗೆ ಇದು ಬಂದ್ ಆಗ್ತದಂತಲ್ಲ. ನನ್ನ ಫೈಲೆಲ್ಲ ಏನಾಗ್ತದೆ ಮಾರಾಯ?"

"ಬಂದ್ ಆಗೋದಿಲ್ಲ ಮಾವ. ಹದಿನೈದನೇ ತಾರೀಕು ಬೆಳಿಗ್ಗೆಯೂ ನೀವು ಗುಂಡಿ ಒತ್ತಿದರೆ ಹೀಗೇ ಎದ್ದೇಳ್ತದೆ. ರಿಪೇರಿ ಮಾಡೋರು ಬರೋದು ನಿಲ್ತದೆ, ಅಷ್ಟೇ."

ಅಷ್ಟೇ ಎಂದೆನಾದರೂ ಅದು ಸಣ್ಣ ಮಾತಲ್ಲ. ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಅಲ್ಲಿಂದ ಹತ್ತು ವರ್ಷ, ತಿಂಗಳ ಎರಡನೇ ಮಂಗಳವಾರ ಬಂತೆಂದರೆ ಭದ್ರತೆಯ ತೇಪೆಗಳು ಬರುತ್ತಿದ್ದವು. ಯಾವ ಕಿಟಕಿಯ ಚಿಲಕ ಸಡಿಲವಾಗಿದೆ, ಯಾವ ಬಾಗಿಲಿನ ಕೆಳಗೆ ಸಂದಿ ಬಿಟ್ಟಿದೆ ಎಂದು ಯಾರೋ ಹುಡುಕಿ ಮುಚ್ಚುತ್ತಿದ್ದರು. 2025ರ ಅಕ್ಟೋಬರ್ 14 ಕೂಡ ಅಂಥದೇ ಎರಡನೇ ಮಂಗಳವಾರ. ಅದಾದ ಮೇಲೆ, ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ, ಹೊಸ ಸಂದಿ ಬಿಟ್ಟರೆ ಅದು ಹಾಗೆಯೇ ಇರುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನ ಎಷ್ಟೋ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತ್ತಲ್ಲ, ಅದಕ್ಕೆ ಬೇಕಾದ ತೇಪೆ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ತೇಪೆಯೇ ಬರದ ಕಾಲದ ಸ್ಥಿತಿ ಇದರಿಂದ ಊಹಿಸಬಹುದು.

ಮಾವನಿಗೆ ಫೈಲಿನ ಚಿಂತೆ ಯಾಕೆ ಅಷ್ಟು ಎಂಬುದನ್ನು ಮೊದಲು ಹೇಳಬೇಕು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. 2004ರಿಂದ ಒಂದು ಕೆಲಸ ಹಿಡಿದಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರೊಳಗೆ ಹೋದವು. ಆ ಊರುಗಳ ಮನೆತನದ ಹೆಸರು, ಗದ್ದೆಯ ಹೆಸರು, ಬಾವಿಯ ಹೆಸರು, ಎದ್ದು ಹೊರಟ ಸಂಸಾರಗಳು ಎಲ್ಲೆಲ್ಲಿ ಹೋಗಿ ನೆಲೆ ನಿಂತವು ಎಂಬುದನ್ನೆಲ್ಲ ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡು ಬಂದು ರಾತ್ರಿ ಕೂತು ಟೈಪು ಮಾಡುತ್ತಾರೆ. ಮುನ್ನೂರಕ್ಕೂ ಮಿಕ್ಕಿದ ಫೈಲುಗಳಾಗಿವೆ. ಹೇಳಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಅತ್ತೆಯ ತವರೂ ಮುಳುಗಿದ ಊರೇ, ಮೂಟೆ ಕಟ್ಟಿ ಹೊರಟಾಗ ಅವರಿಗೆ ಏಳು ವರ್ಷ. 2025ರ ಜುಲೈಯಲ್ಲಿ ಹಿನ್ನೀರಿನ ಮೇಲಿನ ಸಿಗಂದೂರಿನ ಸೇತುವೆ ತೆರೆದ ವಾರ ಮಾವ ಅದರ ಮೇಲೆ ನಡೆದು ಹೋಗಿ, ಲಾಂಚಿನಲ್ಲಿ ದಾಟುತ್ತಿದ್ದ ಕಾಲದ ಬಗ್ಗೆ ಇನ್ನೊಂದು ಫೈಲು ಸೇರಿಸಿದ್ದರು.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡ ಕಂಪ್ಯೂಟರನ್ನು ಹತ್ತರಿಂದ ಹನ್ನೊಂದಕ್ಕೆ ಏರಿಸಬೇಕು. ಗಾಂಧಿ ಜಯಂತಿಯಿಂದ ಭಾನುವಾರದವರೆಗೆ ನನಗೆ ನಾಲ್ಕು ದಿನ ರಜೆ ಕೂಡಿಬಂದಿತ್ತು. ಭಾನುವಾರ ಅಪ್‌ಗ್ರೇಡ್, ಅಲ್ಲಿಯವರೆಗೆ ತಯಾರಿ ಎಂದು ನಿಶ್ಚಯಿಸಿದೆ. "ಪೇಟೆಯ ಹುಡುಗನ್ನ ಕರೆದರೆ ಅರ್ಧ ದಿನದಲ್ಲಿ ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿ ಕೊಡ್ತಾನೆ" ಅಂದರು ಮಾವ. ನಾನು ಬೇಡವೇ ಬೇಡ ಅಂದೆ.

ಆ ಮಾತಿನ ಹಿಂದೆ ಒಂದು ನೋವಿದೆ. 2010ರಲ್ಲಿ ನನ್ನ ಕಂಪ್ಯೂಟರು ವಿಂಡೋಸ್ ಎಕ್ಸ್‌ಪಿಯಿಂದ ಏಳಕ್ಕೆ ಹೋಗಬೇಕಾಗಿತ್ತು. ಎಕ್ಸ್‌ಪಿಯಿಂದ ಏಳಕ್ಕೆ ನೇರ ದಾರಿ ಇರಲಿಲ್ಲ, ಹಳೆಯದನ್ನು ಅಳಿಸಿ ಹೊಸದಾಗಿಯೇ ಹಾಕಬೇಕಿತ್ತು. ಬೆಂಗಳೂರಿನಲ್ಲಿ ನಮ್ಮ ಮನೆಯ ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. "ಸಿ ಡ್ರೈವ್ ಮಾತ್ರ ಹೋಗ್ತದೆ ಸಾರ್, ಡಿ ಡ್ರೈವ್ ಮುಟ್ಟಲ್ಲ" ಅಂದರು. ಸರಿ ಎಂದು ಬಂದೆ. ನಮ್ಮ ಅಜ್ಜಿ ಹಸೆಗೆ ಕರೆಯುವ ಹಾಡು, ಬೀಸುವ ಹಾಡು ಎಂದು ಇಪ್ಪತ್ತೆರಡು ಹಾಡುಗಳನ್ನು ನನಗೆ ಹೇಳಿ ಕೊಟ್ಟಿದ್ದರು, ಅವರ ದನಿಯಲ್ಲೇ. ಅವು ಡೆಸ್ಕ್‌ಟಾಪಿನ ಮೇಲೆ, ಕಣ್ಣಿಗೆ ಕಾಣುವ ಹಾಗೆ ಒಂದು ಫೋಲ್ಡರಿನಲ್ಲಿದ್ದವು. ಡೆಸ್ಕ್‌ಟಾಪ್ ಎಂಬುದು ಸಿ ಡ್ರೈವಿನ ಒಳಗೇ ಇರುವ ಒಂದು ಫೋಲ್ಡರು ಎಂಬುದನ್ನು ಅಂಗಡಿಯವರು ಹೇಳಲಿಲ್ಲ, ನನಗೆ ಹೊಳೆಯಲಿಲ್ಲ. ಕಂಪ್ಯೂಟರು ಮನೆಗೆ ಬಂದಾಗ ಹೊಸ ನೀಲಿ ಚಿತ್ರವಿತ್ತು, ಫೋಲ್ಡರಿರಲಿಲ್ಲ. ಅಜ್ಜಿ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ಇನ್ನೊಮ್ಮೆ ಹೇಳಿ ಎಂದು ಯಾರನ್ನು ಕೇಳಲಿ?

ಆದ್ದರಿಂದ ನನ್ನ ಪಾಲಿಗೆ ತಯಾರಿ ಎಂದರೆ ಮೊದಲು ಪ್ರತಿ ಮಾಡುವುದು. ಮಿಕ್ಕದ್ದೆಲ್ಲ ಆಮೇಲೆ.

ಪ್ರತಿ ಎಂದಾಗಲೆಲ್ಲ ನನಗೆ ಅತ್ತಿಮಬ್ಬೆ ನೆನಪಾಗುತ್ತಾಳೆ. ಹತ್ತನೇ ಶತಮಾನದ ಆ ಮಹಾತಾಯಿ ಪೊನ್ನನ ಶಾಂತಿಪುರಾಣವನ್ನು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇರಲಿಲ್ಲ. ಒಂದೊಂದು ಓಲೆಯ ಮೇಲೂ ಒಬ್ಬ ಮನುಷ್ಯ ಕಂಟ ಹಿಡಿದು ಕೊರೆಯಬೇಕು, ಮಸಿ ಸವರಬೇಕು, ತೂತಿಗೆ ದಾರ ಪೋಣಿಸಿ ಕಟ್ಟಬೇಕು. ಹಾಗೆ ಸಾವಿರ! ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇವತ್ತೂ ನಿಂತಿದೆ. ಆ ಕಲ್ಲಿಗಿಂತ ಈ ಓಲೆಗಳ ದಾನವೇ ದೊಡ್ಡದು ಎಂದು ನನ್ನ ಎಣಿಕೆ. ಅದೇ ಪೊನ್ನ ಭುವನೈಕರಾಮಾಭ್ಯುದಯ ಎಂಬ ಇನ್ನೊಂದು ಕಾವ್ಯ ಬರೆದಿದ್ದ. ಅದು ನಮಗೆ ಸಿಕ್ಕಿಲ್ಲ. ಒಬ್ಬನೇ ಕವಿ, ಒಂದೇ ಕಾಲ, ಒಂದು ಉಳಿಯಿತು, ಒಂದು ಹೋಯಿತು. ಉಳಿದುದರ ಹಿಂದೆ ಪ್ರತಿ ಮಾಡಿಸಿದ ಒಬ್ಬ ಹೆಣ್ಣುಮಗಳಿದ್ದಳು.

ಈಗಿನ ಕಂಪ್ಯೂಟರ್ ಮಂದಿ ಮೂರು, ಎರಡು, ಒಂದು ಎಂದು ಒಂದು ಲೆಕ್ಕ ಹೇಳುತ್ತಾರೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರಿಂದ ಬಳಕೆಗೆ ಬಂದ ಮಾತು. ಯಾವ ಫೈಲಿಗೂ ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಮನೆಯಿಂದ ಹೊರಗೆ ಇರಬೇಕು. ಮಾವನ ಹತ್ತಿರ ಒಂದು ಪ್ರತಿ ಇತ್ತು, ಅದೂ ಡಿ ಡ್ರೈವಿನಲ್ಲಿ. ಡಿಯಲ್ಲಿದ್ದರೆ ಭದ್ರ ಎಂಬುದು ನಮ್ಮ ಮನೆಮನೆಯ ನಂಬಿಕೆ. ಫಾರ್ಮ್ಯಾಟ್ ಮಾಡುವವರು ಸಿಯನ್ನಷ್ಟೇ ಅಳಿಸುತ್ತಾರೆ ಎಂಬ ಅನುಭವದಿಂದ ಹುಟ್ಟಿದ್ದು. ಆದರೆ ಸಿಯೂ ಡಿಯೂ ಒಂದೇ ಹಾರ್ಡ್‌ಡಿಸ್ಕಿನ ಎರಡು ಕೋಣೆಗಳು. ಮಾಡು ಕುಸಿದರೆ ನಡುಮನೆಗೂ ಅಷ್ಟೇ, ದೇವರ ಕೋಣೆಗೂ ಅಷ್ಟೇ.

ಗುರುವಾರ ಸಂಜೆ ಸಾಗರ ಪೇಟೆಗೆ ಹೋಗಿ ಒಂದು ಟಿಬಿಯ ಹೊರಗಿನ ಹಾರ್ಡ್‌ಡಿಸ್ಕ್ ತಂದೆವು. ಎಲ್ಲ ಅದಕ್ಕೆ ಸುರಿದದ್ದಾಯಿತು. ಸುರಿದು ಬಿಟ್ಟರೆ ಮುಗಿಯಲಿಲ್ಲ. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಗಾತ್ರ ತಾಳೆ ನೋಡಬೇಕು. ತಾಳೆಯಾದ ಮೇಲೂ ಅಲ್ಲಲ್ಲಿ ಹತ್ತು ಹದಿನೈದು ಫೈಲು ಬಿಚ್ಚಿ ಓದಿ ನೋಡಬೇಕು, ಅದೂ ಬೇರೆ ಕಂಪ್ಯೂಟರಿನಲ್ಲಿ. ಮಾವನ ಹಳೆಯ ಪೆನ್‌ಡ್ರೈವಿನಲ್ಲಿ ಸುಮಾರು ನಲವತ್ತು ಫೈಲಿತ್ತು. ಹೆಸರೆಲ್ಲ ಸರಿಯಾಗಿಯೇ ಇತ್ತು, ಏಳು ಫೈಲಿನ ಗಾತ್ರ ಮಾತ್ರ ಸೊನ್ನೆ ಕೆಬಿ. ಪೆನ್‌ಡ್ರೈವ್ ಒಯ್ಯುವುದಕ್ಕೆ ಸರಿ, ಇಡುವುದಕ್ಕೆ ಅಲ್ಲ.

ಹಾಗೆ ಬೇರೆ ಕಡೆ ತೆರೆದು ನೋಡಿದ್ದರಿಂದಲೇ ನಿಜವಾದ ಗಂಡಾಂತರ ಕಣ್ಣಿಗೆ ಬಿದ್ದದ್ದು. ಹೊರಗಿನ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮೊದಲ ಫೈಲು ತೆರೆದೆ. ಕನ್ನಡ ಎಂದು ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯು, ಕೊನೆಗೆ ಇನ್ನೊಂದು ಗೀಟಿನ ಎ. ಪುಟದ ತುಂಬ ಇದೇ. ಮಾವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಹಾಳಾಯ್ತೇನೋ?" ಎಂದು ಕೇಳಿದ ದನಿ ನನಗೆ ಈಗಲೂ ಕಿವಿಯಲ್ಲಿದೆ.

ಹಾಳಾಗಿರಲಿಲ್ಲ. ಮಾವ ಬರೆದದ್ದು ನುಡಿ ತಂತ್ರಾಂಶದಲ್ಲಿ, ಅದರ ಹಳೆಯ ಫಾಂಟಿನಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿಕೊಟ್ಟ ನುಡಿ, ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹ, ಇವೆರಡರ ಋಣ ಕನ್ನಡಿಗರ ಮೇಲೆ ದೊಡ್ಡದು. ಕಂಪ್ಯೂಟರು ಇಂಗ್ಲಿಷ್ ಬಿಟ್ಟು ಬೇರೇನೂ ಅರಿಯದ ಕಾಲದಲ್ಲಿ ಅವು ಕನ್ನಡಕ್ಕೆ ಜಾಗ ಮಾಡಿಕೊಟ್ಟವು. ಮಾಡಿಕೊಟ್ಟ ಬಗೆ ಹೀಗೆ: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಇದ್ದ ಅಂಕಣಗಳಲ್ಲೇ ಕನ್ನಡದ ಅಕ್ಷರದ ಚೂರುಗಳನ್ನು ಕೂರಿಸುವುದು. ಪಿ ಇದ್ದ ಅಂಕಣದಲ್ಲಿ ತಲಕಟ್ಟಿಲ್ಲದ ಕ, ಗೀಟಿನ ಎ ಇದ್ದಲ್ಲಿ ತಲಕಟ್ಟು. ಎರಡೂ ಸೇರಿದರೆ ಕ. ಫಾಂಟ್ ಇದ್ದಲ್ಲಿ ಅದು ಕನ್ನಡ, ಇಲ್ಲದಲ್ಲಿ ಕಗ್ಗ. ಮ ಎಂಬ ಅಕ್ಷರವಂತೂ ವ ಬರೆದು ಕೊಂಬು ಎಳೆದದ್ದು, ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ ತಿದ್ದುವ ಹಾಗೆಯೇ. ನನಗೆ ಈ ಕುಶಲತೆಯ ಬಗ್ಗೆ ಗೌರವವಿದೆ. ಆದರೆ ಇಂಥ ಫೈಲು ಬದುಕುವುದು ಫಾಂಟಿನ ಆಯುಸ್ಸು ಇರುವವರೆಗೆ ಮಾತ್ರ.

ಯುನಿಕೋಡಿನಲ್ಲಿ ಹಾಗಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಓಣಿ ಸಿಕ್ಕಿತು, 128 ಮನೆಗಳ ಓಣಿ. ಕ ಎಂದರೆ ಯಾವ ದೇಶದ ಯಾವ ಯಂತ್ರದಲ್ಲೂ ಕ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಫಾಂಟ್ ಬಂದಾಗ, ಶಿವಮೊಗ್ಗ ಸೀಮೆಯವನಾದ ನನಗೆ ನಮ್ಮ ಹೊಳೆಯ ಹೆಸರು ಆ ಪಟ್ಟಿಯಲ್ಲಿ ಕಂಡು ಆದ ಸಂತೋಷ ಹೇಳತೀರದು. ಮುದ್ರಣಾಲಯಗಳ ಪೇಜ್‌ಮೇಕರ್ ಯುನಿಕೋಡನ್ನು ಒಪ್ಪುತ್ತಿರಲಿಲ್ಲವಾದ್ದರಿಂದ ನಮ್ಮ ಬರವಣಿಗೆ ಬಹುಕಾಲ ಹಳೆಯ ಫಾಂಟುಗಳಲ್ಲೇ ನಡೆಯಿತು. ಹಾಗಾಗಿ ಕನ್ನಡದ ಮನೆಯೊಂದರಲ್ಲಿ ಕಂಪ್ಯೂಟರನ್ನು ಹೊಸ ವ್ಯವಸ್ಥೆಗೆ ಸಿದ್ಧಗೊಳಿಸುವಾಗ ಇಂಗ್ಲಿಷಿನವರಿಗಿಲ್ಲದ ಒಂದು ಕೆಲಸ ನಮಗೆ ಹೆಚ್ಚಿಗೆ ಬೀಳುತ್ತದೆ. ಫೈಲು ಉಳಿಸಿದರೆ ಸಾಲದು, ಓದುವ ಹಾಗೆ ಉಳಿಸಬೇಕು.

ಶುಕ್ರವಾರ ಶನಿವಾರ ಎರಡೂ ದಿನ ಇದಕ್ಕೇ ಹೋಯಿತು. ಪ್ರತಿಯೊಂದು ಫೈಲನ್ನೂ ಪರಿವರ್ತಕಕ್ಕೆ ಕೊಟ್ಟು ಯುನಿಕೋಡಿಗೆ ತರುವುದು, ಮೂಲವನ್ನು ಅಳಿಸದೆ ಪಕ್ಕದಲ್ಲೇ ಇಡುವುದು, ಫಾಂಟು ಒಳಗೇ ಸೇರಿಕೊಂಡ ಪಿಡಿಎಫ್ ಒಂದನ್ನು ತೆಗೆಯುವುದು. ಪಿಡಿಎಫ್ ಕಣ್ಣಿಗೆ ಮೂಲದ ಹಾಗೆಯೇ ಕಾಣುತ್ತದೆ, ಆದರೆ ಹಳೆಯ ಫಾಂಟಿನದಾದರೆ ಅದರಲ್ಲಿ ಒಂದು ಹೆಸರು ಹುಡುಕಲಿಕ್ಕೆ ಬರುವುದಿಲ್ಲ. ಅದಕ್ಕೇ ಎರಡೂ ಬೇಕು. ಇಷ್ಟು ಮಾಡಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ಕರಡು ತಿದ್ದಬೇಕು. ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ, ಯುನಿಕೋಡಿನಲ್ಲಿ ಬಾಯಿ ನುಡಿಯುವ ಕ್ರಮದಲ್ಲಿ. ಕಾರ್ಗಲ್ ಎಂಬ ಊರಿನ ಹೆಸರನ್ನೇ ನೋಡಿ. ನುಡಿಯುವಾಗ ರ್ ಮೊದಲು, ಗ ಆಮೇಲೆ. ಬರೆಯುವಾಗ ಗ ಮೊದಲು, ಅರ್ಕಾವತ್ತು ಆಮೇಲೆ. ಪರಿವರ್ತಕ ಆ ಅರ್ಕಾವತ್ತನ್ನು ಎತ್ತಿ ಗಕಾರದ ಹಿಂದಕ್ಕೆ ಒಯ್ಯಬೇಕು. ಎಡವಿದರೆ ಕಾರ್ಯಕ್ರಮ ಎಂಬುದು ಕಾಯರ್ಕ್ರಮ ಆಗುತ್ತದೆ, ಇಂಥದ್ದನ್ನು ನೀವೂ ಎಲ್ಲೋ ಓದಿಯೇ ಇರುತ್ತೀರಿ. ಕಂದಾಯ ದಾಖಲೆಗಳಿಂದ ಮಾವ ಎತ್ತಿ ಬರೆದ ಇಂಗ್ಲಿಷ್ ಸಾಲುಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸಿತ್ತು. ಅವನ್ನು ಮೂಲ ನೋಡಿ ಕೈಯಿಂದಲೇ ಹೊಡೆದೆವು.

ಜಗಲಿಯ ಮೇಲೆ ಕೂತು ಮಾವ ಹಳೆಯದನ್ನು ಗಟ್ಟಿಯಾಗಿ ಓದುವುದು, ನಾನು ಹೊಸದರಲ್ಲಿ ಬೆರಳಿಟ್ಟು ಸಾಗುವುದು. ಅತ್ತೆ ಒಳಗೆ ದೋಸೆ ಹಿಟ್ಟು ರುಬ್ಬುತ್ತಾ ಕೇಳಿಸಿಕೊಳ್ಳುತ್ತಿದ್ದರು. ಒಂದು ಕಡೆ ಮಾವ "ಕೆಳಗಿನಮನೆಯವರ ಬಾವಿ" ಎಂದು ಓದಿದರು. ರುಬ್ಬುವ ಸದ್ದು ನಿಂತಿತು. ಕೈ ಒರೆಸಿಕೊಂಡು ಅತ್ತೆ ಬಾಗಿಲಿಗೆ ಬಂದರು. "ಕೆಳಗಿನಮನೆಯದಲ್ಲ ಅದು. ಕೇರಿಮನೆಯವರ ಬಾವಿ. ಕಟ್ಟೆಯ ಮೇಲೆ ಒಂದು ಬಸಳೆ ಚಪ್ಪರ ಇತ್ತು. ನಾನು ಅಲ್ಲೇ ಬಿದ್ದು ಹಣೆ ಒಡೆದುಕೊಂಡದ್ದು." ಎಂದು ಹುಬ್ಬಿನ ಮೇಲಿನ ಗುರುತು ತೋರಿಸಿದರು. ಇಪ್ಪತ್ತೊಂದು ವರ್ಷದಿಂದ ಅದೇ ಮನೆಯಲ್ಲಿ ಈ ಕೆಲಸ ನಡೆದಿದೆ, ಆ ಬಾವಿಯ ಹೆಸರು ತಿದ್ದುವುದಕ್ಕೆ ಈ ಅಪ್‌ಗ್ರೇಡು ಬರಬೇಕಾಯಿತು. ಮಾವ ಮಾತಾಡದೆ ತಿದ್ದಿದರು, ಕೆಳಗೆ ಅತ್ತೆಯ ಹೆಸರು ಹಾಕಿ ಬಸಳೆ ಚಪ್ಪರವನ್ನೂ ಸೇರಿಸಿದರು.

ಇನ್ನು ಯಂತ್ರದ ಮಾತು. ವಿಂಡೋಸ್ 11 ಎಲ್ಲರ ಮನೆಗೂ ಬರುವ ನೆಂಟನಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇವು ಕಷ್ಟವಲ್ಲ. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು, ಯಂತ್ರ ಏಳುವಾಗಲೇ ತಂತ್ರಾಂಶದ ಸಾಚಾತನ ನೋಡುವ ಸೆಕ್ಯೂರ್ ಬೂಟ್ ಸಾಧ್ಯವಿರಬೇಕು. ಟಿಪಿಎಂ ಎಂದರೆ ಕೀಲಿಗಳನ್ನು ಭದ್ರವಾಗಿ ಇಡುವ ಒಂದು ಗೂಡು, ಹಳೆಯ ಮನೆಗಳ ಗೋಡೆಯೊಳಗಿನ ಗುಪ್ತ ಗೂಡಿನ ಹಾಗೆ. ಮಾವನದು 2019ರಲ್ಲಿ ಜೋಡಿಸಿದ ಯಂತ್ರ, ಎಂಟನೇ ತಲೆಮಾರಿನದೇ. ಆದರೂ ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟಿನ ಪರೀಕ್ಷಕ ಆಗದು ಎಂದಿತು. ಇಲ್ಲಿ ಬಹಳ ಮಂದಿ ಹೊಸ ಕಂಪ್ಯೂಟರು ಕೊಳ್ಳಲು ಹೊರಡುತ್ತಾರೆ. ದಯವಿಟ್ಟು ಒಂದು ನಿಮಿಷ ತಡೆಯಿರಿ. ಎಷ್ಟೋ ಯಂತ್ರಗಳಲ್ಲಿ ಆ ಗೂಡು ಇರುತ್ತದೆ, ಬಾಗಿಲು ಹಾಕಿರುತ್ತದೆ. ಯಂತ್ರ ಏಳುವಾಗಲೇ ತೆರೆಯಬೇಕಾದ ಬಯಾಸ್ ಎಂಬ ಸೆಟ್ಟಿಂಗಿಗೆ ಹೋಗಿ ಇಂಟೆಲ್‌ನದಾದರೆ ಪಿಟಿಟಿ, ಎಎಂಡಿಯದಾದರೆ ಎಫ್‌ಟಿಪಿಎಂ ಎಂದಿರುವುದನ್ನು ಚಾಲೂ ಮಾಡಿದರೆ ಆಯಿತು. ಬಯಾಸ್ ಮುಟ್ಟುವ ಮೊದಲು ಅದರ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಸೆಕ್ಯೂರ್ ಬೂಟಿನದು ಸ್ವಲ್ಪ ಸೂಕ್ಷ್ಮ. ಜೋಡಿಸಿದವರು ಹಳೆಯ ಪದ್ಧತಿಯಲ್ಲಿ, ಎಂಬಿಆರ್ ಎಂಬ ವಿಂಗಡಣೆಯಲ್ಲಿ ಡಿಸ್ಕನ್ನು ಸಿದ್ಧ ಮಾಡಿದ್ದರು. ಹೊಸದಕ್ಕೆ ಜಿಪಿಟಿ ಆಗಬೇಕು. ವಿಂಡೋಸ್ 10ರಲ್ಲೇ ಎಂಬಿಆರ್‌ಟುಜಿಪಿಟಿ ಎಂಬ ಸಲಕರಣೆ ಇದೆ, ಏನನ್ನೂ ಅಳಿಸದೆ ಬದಲಾಯಿಸುತ್ತದೆ. ಮೊದಲು ಪರೀಕ್ಷೆ ಮಾತ್ರ ಮಾಡಿಸಿ, ಸರಿ ಎಂದರೆ ಪರಿವರ್ತನೆ, ಅದಾದ ಮೇಲಷ್ಟೇ ಬಯಾಸಿನಲ್ಲಿ ಲೆಗಸಿ ಎಂಬ ಹಳೆಯ ಪದ್ಧತಿ ಬಿಟ್ಟು ಹೊಸದಾದ ಯುಇಎಫ್‌ಐಗೆ ಹೊರಳಬೇಕು. ಕ್ರಮ ತಪ್ಪಿ ಮೊದಲೇ ಹೊರಳಿದರೆ ಯಂತ್ರಕ್ಕೆ ತನ್ನ ಡಿಸ್ಕೇ ಕಾಣುವುದಿಲ್ಲ, ಮನೆಯವರೆಲ್ಲ ಹೌಹಾರುತ್ತಾರೆ. ಮೂರು ಪ್ರತಿ ಕೈಯಲ್ಲಿದ್ದರೆ ಇಂಥ ಹೊತ್ತಿನಲ್ಲಿ ಎದೆ ಗಟ್ಟಿ ಇರುತ್ತದೆ.

ಈಚಿನ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದಿದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿ ಬಿದ್ದಿರುತ್ತದೆ, ಬಳಸುವವರಿಗೆ ಗೊತ್ತೇ ಇರುವುದಿಲ್ಲ. ನನ್ನ ತಂಗಿಯ ಮಗಳು ಬಯಾಸ್ ಪರಿಷ್ಕರಿಸಿದ ದಿನ ಪರದೆ ನೀಲಿಯಾಗಿ 48 ಅಂಕಿಯ ಕೀಲಿ ಕೇಳಿತು. ಮರುದಿನ ಅವಳಿಗೆ ಪ್ರಾಜೆಕ್ಟ್ ಒಪ್ಪಿಸಬೇಕು. ಕೀಲಿ ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು. ಖಾತೆಗೆ ಒಳಹೋಗಲು ಒಟಿಪಿ ಬರುವ ನಂಬರು ಮಾತ್ರ ಅವಳು ಎರಡು ವರ್ಷದ ಹಿಂದೆ ಬಿಟ್ಟ ಸಿಮ್ಮಿನದು. ಅವಳು ಅತ್ತದ್ದು ನನಗೆ ನೆನಪಿದೆ. ಆದ್ದರಿಂದ ಅಪ್‌ಗ್ರೇಡಿಗೆ ಮುಂಚೆ ಆ 48 ಅಂಕಿಯನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡಬೇಕು, ಖಾತೆಯಲ್ಲಿರುವ ಮೊಬೈಲ್ ನಂಬರು ಈಗಿನದೇ ಎಂದು ನೋಡಬೇಕು.

ಭಾನುವಾರ ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆವು. ಮಧ್ಯಾಹ್ನ ಕಳೆದರೆ ಅಕ್ಟೋಬರಿನಲ್ಲಿ ನಮ್ಮ ಕಡೆ ಗುಡುಗು ಸಿಡಿಲು, ಮೆಸ್ಕಾಂನವರು ಕರೆಂಟು ತೆಗೆದರೂ ತೆಗೆದರು. ಯುಪಿಎಸ್ಸಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಹಿಂದಿನ ರಾತ್ರಿಯೇ ಪ್ಲಗ್ಗು ತೆಗೆದು ನೋಡಿದ್ದೆವು. ಸಿ ಡ್ರೈವಿನಲ್ಲಿ ಜಾಗ ಮಾಡಿದ್ದೆವು. ಫೈಲುಗಳೂ ತಂತ್ರಾಂಶಗಳೂ ಇರಲಿ ಎಂಬುದನ್ನೇ ಆರಿಸಿ ಗುಂಡಿ ಒತ್ತಿದ್ದಾಯಿತು. ಎರಡು ಗಂಟೆ, ಎರಡು ಮೂರು ಸಲ ಆರಿ ಹತ್ತಿತು, ಅತ್ತೆಯ ದೋಸೆ ಮುಗಿಯುವ ಹೊತ್ತಿಗೆ ಹನ್ನೊಂದು ಬಂದು ಕೂತಿತ್ತು. ಇಷ್ಟು ದಿನದ ತಯಾರಿಗೆ ಹೋಲಿಸಿದರೆ ಅಪ್‌ಗ್ರೇಡಿನ ಬಗ್ಗೆ ಹೇಳಲು ಇಷ್ಟೇ ಇದೆ.

ಬಂದ ಮೇಲೆ ಮೊದಲು ನುಡಿಯ ಫಾಂಟು, ಆಮೇಲೆ ಪ್ರಿಂಟರು ನೋಡಿದೆವು, ಎರಡೂ ಇದ್ದವು. ತುಂಗಾ ಕಾಣದಿದ್ದರೆ ಗಾಬರಿ ಬೇಡ, ಈಗದು ಸೆಟ್ಟಿಂಗ್ಸಿನ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಪೂರಕ ಫಾಂಟು ಎಂದಿರುತ್ತದೆ, ಸೇರಿಸಿಕೊಳ್ಳಬಹುದು. ಹಳೆಯ ವ್ಯವಸ್ಥೆ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಹತ್ತು ದಿನ ಇರುತ್ತದೆ, ಹೊಸದು ಒಗ್ಗದಿದ್ದರೆ ಅಷ್ಟರೊಳಗೆ ಹಿಂದಿರುಗಬಹುದು. ಇದನ್ನು ಹೇಳಿದಾಗ ಮಾವನಿಗೆ ಹಿರೇಭಾಸ್ಕರ ಅಣೆಕಟ್ಟು ನೆನಪಾಯಿತು. 1948ರಲ್ಲಿ ಮುಗಿದ ಆ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಎದ್ದು ಕಾಣುತ್ತದೆ, ಕಲ್ಲು ಕದಲಿಲ್ಲ. "ಅದು ನೀರೊಳಗೆ ಅರವತ್ತು ವರ್ಷದಿಂದ ಇದೆ, ನಿನ್ನದು ಹತ್ತೇ ದಿನವೇನೋ?" ಅಂದರು. ಹೌದು ಮಾವ, ಹತ್ತೇ ದಿನ. ಆ ಹತ್ತು ದಿನದಲ್ಲಿ ದಿನಕ್ಕೊಂದು ಕೆಲಸ ಮಾಡಿ ನೋಡಿ, ಬರೆಯಿರಿ, ಪ್ರಿಂಟು ತೆಗೆಯಿರಿ, ಮೇಲ್ ಕಳಿಸಿ ಎಂದು ಹೇಳಿ ಬಂದೆ.

ಯಂತ್ರ ನಿಜಕ್ಕೂ ಹಳೆಯದಾದವರಿಗೂ ದಾರಿ ಮುಚ್ಚಿಲ್ಲ. ಮನೆಬಳಕೆಯವರು ಹೆಸರು ನೋಂದಾಯಿಸಿದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆ ಸಿಗುವ ಏರ್ಪಾಡು ಇದೆ. ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರವೂ ಇನ್ನಷ್ಟು ವರ್ಷ ದುಡಿಯುತ್ತದೆ, ಯುನಿಕೋಡ್ ಕನ್ನಡ ಅಲ್ಲೂ ಸೊಗಸಾಗಿ ಮೂಡುತ್ತದೆ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕುವುದು ಮಾತ್ರ ನನಗೆ ಸರಿಕಾಣದು.

ಮಾವನ ಫೈಲುಗಳು ಈಗ ಮೂರು ಕಡೆ ಇವೆ. ಒಂದು ಅವರ ಕಂಪ್ಯೂಟರಿನಲ್ಲಿ, ಒಂದು ಅವರ ಬೀರುವಿನ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೆಂಗಳೂರಿನ ನಮ್ಮ ಮನೆಯಲ್ಲಿ. ನಿಮ್ಮ ಮನೆಯಲ್ಲೂ ಕಂಪ್ಯೂಟರಿನಲ್ಲಿ ಬರೆಯುವ ಹಿರಿಯರಿದ್ದರೆ, ಅಪ್‌ಗ್ರೇಡಿನ ಗುಂಡಿ ಒತ್ತುವ ಮೊದಲು ಅವರ ಒಂದು ಫೈಲನ್ನು ನಿಮ್ಮ ಯಂತ್ರದಲ್ಲಿ ತೆರೆದು ನೋಡಿ. ಕನ್ನಡ ಕಾಣದಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಇರುವಾಗಲೇ ಅದನ್ನು ಓದಿಸಿ ಬರೆದುಕೊಳ್ಳಿ.